ಡರ್ಹಮ್‌ನಲ್ಲಿ ಕಂಡ ಟ್ರಂಕ್ ಬೋರ್ಡು

ನನ್ನ ಅಕ್ಕನ ನೌಕರಿ ಹೋದದ್ದು ನನ್ನಿಂದ. ಅದನ್ನು ಒಂದು ಸಲವಾದರೂ ಅವಳ ಮುಂದೆ ಬಾಯಿಬಿಟ್ಟು ಹೇಳಬೇಕಿತ್ತು, ಎಷ್ಟೋ ವರ್ಷ ಹೇಳಲಿಲ್ಲ. ಗದಗಿನಲ್ಲಿ ಅವಳ ಮನೆಗೂ ನನ್ನ ಮನೆಗೂ ನಡುವೆ ಎರಡೇ ಓಣಿ ಇದ್ದಾಗಲೂ ಹೇಳಲಿಲ್ಲ. ನಾನು ಏಳನೇ ಇಯತ್ತೆ ಕಲಿತವಳು. ತಿಳಿದ ಹಾಗೆ ಬರೆಯುತ್ತೇನೆ.

ಯಜಮಾನರು ತೀರಿಕೊಂಡ ಮೇಲೆ ಮಗಳು ಗೀತಾ ನನ್ನನ್ನು ನಾರ್ತ್ ಕೆರೊಲಿನಾದ ಮಾರಿಸ್‌ವಿಲ್‌ಗೆ ಕರೆತಂದಳು. ಅವಳು ಪಕ್ಕದ ಡರ್ಹಮ್‌ನಲ್ಲಿ ಡಾಕ್ಟರು. ಇಲ್ಲಿ ಟೌನ್‌ಹೌಸ್ ಅಂತ ಸಾಲುಮನೆಗಳು, ಎರಡು ಮನೆಗೆ ಒಂದೇ ಗೋಡೆ. ಆದರೂ ಆಚೆ ಮನೆಯ ಒಂದು ಸಪ್ಪಳ ಈಚೆ ಬರುವುದಿಲ್ಲ. ಅದರಲ್ಲಿ ಯಾರೂ ಇಲ್ಲ ಅಂತಲೇ ನಾನು ಒಂದು ತಿಂಗಳು ತಿಳಿದಿದ್ದೆ. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಸಾರಿಗೆ ಒಗ್ಗರಣೆ ಬಿತ್ತು ಅನ್ನುವುದೂ ಗೊತ್ತಾಗುತ್ತಿತ್ತು. ಇಲ್ಲಿ ಜೋಳದ ರೊಟ್ಟಿಯನ್ನು ಕೆಂಡದ ಮೇಲೆ ಸುಡುವ ಹಾಗೆ ಉರಿಯ ಮೇಲಿಟ್ಟರೆ ಮನೆಯೇ ಕಿರುಚಿಕೊಳ್ಳುತ್ತದೆ. ಹೊಗೆ ಕಂಡರೆ ಕೂಗುವ ಯಂತ್ರವೊಂದು ಮಾಳಿಗೆಗೆ ಅಂಟಿಕೊಂಡಿದೆ. ಮೊದಲ ದಿನ ನಾನು ಹಿಟ್ಟಿನ ಕೈಯಲ್ಲೇ ಬೀದಿಗೆ ಓಡಿದ್ದೆ.

ಫೋನಿನಲ್ಲೂ ಯಂತ್ರವೇ ಮಾತಾಡುತ್ತದೆ. ಔಷಧದ ಅಂಗಡಿಗೆ ಹಚ್ಚಿದರೆ ಒಂದು ಒತ್ತು, ಎರಡು ಒತ್ತು ಅನ್ನುತ್ತದೆ. ಹತ್ತು ವರ್ಷದ ಮೊಮ್ಮಗಳು ಅನಿಕಾ ನನಗೆ ‘ರೆಪ್ರೆಸೆಂಟೇಟಿವ್’ ಅನ್ನುವ ಶಬ್ದ ಕಲಿಸಿದಳು. ಮನುಷ್ಯರಿಗೆ ಫೋನ್ ಕೊಡು ಅಂತ ಅದರ ಅರ್ಥ. ರೊಟ್ಟಿ ಬಡಿಯುತ್ತ ಬಡಿಯುತ್ತ ಅದನ್ನೇ ಬಾಯಿಪಾಠ ಮಾಡಿದೆ. ನಾಲ್ಕನೇ ಸಲಕ್ಕೆ ಒಬ್ಬ ಹೆಣ್ಣುಮಗಳು ಸಿಕ್ಕಳು. ಬಿ.ಪಿ. ಗುಳಿಗೆ ನಾನೇ ಹೇಳಿ ತರಿಸಿದೆ. ಗೀತಾ ಅದನ್ನು ದೇವಸ್ಥಾನದಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು.

ಹೋದ ವರ್ಷ ಅನಿಕಾಗೆ ಶಾಲೆಯ ಕೆಲಸವೊಂದಿತ್ತು. ಅದಕ್ಕಾಗಿ ಗೀತಾ ನಮ್ಮಿಬ್ಬರನ್ನೂ ಡರ್ಹಮ್‌ನ ಒಂದು ಸಣ್ಣ ಮ್ಯೂಸಿಯಂನಲ್ಲಿ ಬಿಟ್ಟು ಡ್ಯೂಟಿಗೆ ಹೋದಳು. ಮರದ ಪೆಟ್ಟಿಗೆಯ ಟಿ.ವಿ., ಕೋಣೆ ತುಂಬುವ ಕಂಪ್ಯೂಟರಿನ ಚಿತ್ರ, ಅದಕ್ಕೆ ತಿನ್ನಿಸುತ್ತಿದ್ದ ತೂತುಗಳ ಕಾರ್ಡು, ಎಲ್ಲ ಇದ್ದವು. ಮೂಲೆಯಲ್ಲಿ, ಪರವೂರಿನ ಫೋನುಗಳನ್ನು ಕೈಯಿಂದ ಜೋಡಿಸುವ ಒಂದು ಟ್ರಂಕ್ ಬೋರ್ಡು. ಸಾಲು ಸಾಲು ತೂತು, ಅವುಗಳಿಗೆ ಸಿಕ್ಕಿಸುವ ವಾಯರು. ನೋಡಿದವಳೇ ಅದರ ಮುಂದಿನ ಸ್ಟೂಲಿನ ಮೇಲೆ ಕುಳಿತೆ. ಈ ದೇಶದ ಜನ ಮನೆಯಿಂದಲೇ ದೂರದ ಊರಿಗೆ ನಂಬರ್ ತಿರುಗಿಸಲು ಶುರು ಮಾಡಿದ್ದು ಐವತ್ತರ ದಶಕದಲ್ಲಂತೆ, ಅನಿಕಾ ಫಲಕ ಓದಿ ಹೇಳಿದಳು. ನನ್ನ ಅಕ್ಕ ವಿಮಲಾ ಗದಗಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಂಥ ಬೋರ್ಡಿನ ಮುಂದೆ ಕುಳಿತದ್ದು ಅದಾಗಿ ಎಷ್ಟೋ ವರ್ಷಕ್ಕೆ.

ಆಗ ಪರವೂರಿಗೆ ಮಾತಾಡಬೇಕೆಂದರೆ ಕಾಲ್ ಬುಕ್ ಮಾಡಿ ಅರ್ಧ ದಿನ ಕಾಯಬೇಕಿತ್ತು. ಅಕ್ಕ ಎರಡು ಊರನ್ನು ಜೋಡಿಸಿ, ಮಾತು ಶುರುವಾದದ್ದೇ ಅದು ತನ್ನ ಕಿವಿಗೆ ಬೀಳದ ಹಾಗೆ ಬೋರ್ಡಿನ ಕೀಲಿ ಮುಚ್ಚಬೇಕು. ಕೇಳಬಾರದು, ಕೇಳಿದರೂ ಹೇಳಬಾರದು. ಅದು ಅವಳ ಕೆಲಸದ ಧರ್ಮ.

ನನಗೆ ಹತ್ತೊಂಬತ್ತು. ಸೊಲ್ಲಾಪುರದ ವರ ನನ್ನನ್ನು ನೋಡಿ ಹೋಗಿ ಎರಡು ತಿಂಗಳಾದರೂ ಉತ್ತರವಿರಲಿಲ್ಲ. ಹುಡುಗನ ಸೋದರಮಾವನಿಗೆ ಗದಗಿನಲ್ಲೇ ಹತ್ತಿಯ ಅಡತಿ ಅಂಗಡಿ, ದಿನಾ ಸೊಲ್ಲಾಪುರಕ್ಕೆ ಟ್ರಂಕ್ ಕಾಲ್. ಅವರ ಮಾತು ಒಂದು ಸಲ ಕೇಳು ಅಂತ ಎಂಟು ದಿನ ಅಕ್ಕನ ಬೆನ್ನು ಬಿದ್ದೆ. ಊಟ ಬಿಟ್ಟೆ, ಅಳುತ್ತ ಕುಳಿತೆ. ಒಂಬತ್ತನೇ ದಿನ ಅವಳು ಬಂದು, ‘ಆ ಮನಿ ಬ್ಯಾಡ ಶಾಂತಿ, ಮರತಬಿಡು’ ಅಂದಳು. ನಾನು ಬಿಡಲಿಲ್ಲ, ಹಿಂಡಿ ಹಿಂಡಿ ಕೇಳಿದೆ. ಹುಡುಗಿ ಓದಿಲ್ಲ, ಬೇರೆ ಕಡೆ ಕುದುರುವವರೆಗೆ ಇದೊಂದು ಕೈಯಲ್ಲಿರಲಿ ಅಂತ ಆ ಸೋದರಮಾವ ಅಂದಿದ್ದರಂತೆ.

ಯಾರಿಗೂ ಹೇಳುವುದಿಲ್ಲ ಅಂತ ಅವಳ ಕೈ ಮೇಲೆ ಕೈ ಇಟ್ಟು ಆಣೆ ಮಾಡಿದ್ದೆ. ನಾಲ್ಕು ದಿನಕ್ಕೆ ನೆರೆಮನೆಯ ಅರಿಶಿನ ಕುಂಕುಮಕ್ಕೆ ಆ ಸೋದರಮಾವನ ಹೆಂಡತಿ ಬಂದರು. ನನ್ನನ್ನು ನೋಡಿ ನಕ್ಕರು. ಆ ನಗೆ ತಡೆಯದೆ, ಅವರ ಗಂಡ ಫೋನಿನಲ್ಲಿ ಆಡಿದ್ದ ಮಾತನ್ನು ಚಾಚೂ ತಪ್ಪದೆ ಎಲ್ಲರ ಎದುರು ಒಪ್ಪಿಸಿಬಿಟ್ಟೆ.

ಮಾತು ಎಲ್ಲಿಂದ ಸೋರಿತು ಅಂತ ತಿಳಿಯಲು ಅವರಿಗೆ ಹೊತ್ತು ಹಿಡಿಯಲಿಲ್ಲ. ಎಕ್ಸ್‌ಚೇಂಜಿನ ಸಾಹೇಬರು ನಮ್ಮಿಬ್ಬರನ್ನೂ ಕರೆಸಿ, ಯಾಕೆ ಕೇಳಿದೆಯಮ್ಮ, ಯಾರಾದರೂ ಒತ್ತಾಯ ಮಾಡಿದರೇ ಅಂದರು. ಅಕ್ಕ ನನ್ನ ಕಡೆ ತಿರುಗಿಯೂ ನೋಡದೆ, ‘ಇಲ್ರೀ ಸರ್, ನಾನಽ ಆಸೆಗೆ ಕೇಳಿದೆ’ ಅಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿಬಿಟ್ಟರೆ ಮುಂದೆ ನನಗೆ ವರ ಸಿಗುವುದಿಲ್ಲ ಅನ್ನುವ ಭಯ. ಸೆರಗಿನ ಅಂಚು ತಿರುವುತ್ತ ನಿಂತುಬಿಟ್ಟೆ. ನೌಕರಿ ಹೋಯಿತು. ಮರುವರ್ಷ ನನ್ನ ಮದುವೆಯ ಕುಪ್ಪಸಗಳನ್ನು ಅವಳೇ ಹೊಲಿದಳು. ಆಮೇಲೆ ಊರಿನವರ ಕುಪ್ಪಸ ಹೊಲಿಯುತ್ತಲೇ ಮುದುಕಿಯಾದಳು. ಒಂದು ದಿನವೂ ಎತ್ತಿ ಆಡಲಿಲ್ಲ.

ಮ್ಯೂಸಿಯಂನಲ್ಲಿ ನಾನು ಕುಳಿತದ್ದನ್ನು ನೋಡಿ ಅಲ್ಲಿನ ಮುದುಕಿಯೊಬ್ಬರು ಬಂದರು. ಅವರೂ ಹಿಂದೆ ಆಪರೇಟರ್. ನೀನೂ ಈ ಕೆಲಸ ಮಾಡಿದವಳಾ ಅಂತ ಕೇಳಿದ್ದನ್ನು ಅನಿಕಾ ಅನುವಾದಿಸಿದಳು. ನಾನು ಹೌದೆಂದು ತಲೆಯಾಡಿಸಿದೆ. ಯಾಕೆ ಆಡಿಸಿದೆನೋ, ಇವತ್ತಿಗೂ ತಿಳಿಯದು. ಅವರು ಖುಷಿಯಿಂದ ನನ್ನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಕೈಗೆ ವಾಯರ್ ಕೊಟ್ಟರು. ಕದ್ದು ಕೇಳುತ್ತಿದ್ದೆಯಾ, ನಾವಂತೂ ಕೇಳುತ್ತಿದ್ದೆವು ಅಂತ ಕಣ್ಣು ಮಿಟುಕಿಸಿ ನಕ್ಕರು. ಅನಿಕಾ ಫೋಟೊ ತೆಗೆದು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದಳು. ಅಕ್ಕನ ನೌಕರಿ ಕಳೆದವಳು ಅಕ್ಕನ ವೇಷ ಹಾಕಿ ಕುಳಿತಿದ್ದೆ.

ಮರುದಿನ ಬೆಳಿಗ್ಗೆ ಅಕ್ಕನದೇ ವಿಡಿಯೊ ಕಾಲ್ ಬಂತು. ಫೋಟೊ ನೋಡಿಯೇ ಮಾಡಿದ್ದಾಳೆ ಅಂತ ಗೊತ್ತಾಯಿತು.

‘ಶಾಂತೀ, ವಾಯರ್ ಬಲಗೈಯಾಗ ಹಿಡದೀಯಲ್ಲಬೇ. ಎಡಗೈಯಾಗ ಹಿಡೀಬೇಕು. ಬಲಗೈಲೆ ಚೀಟಿ ಬರೀಬೇಕಲ್ಲ, ಹುಚ್ಚಿ’ ಅಂದು ಬೊಚ್ಚುಬಾಯಲ್ಲಿ ನಕ್ಕಳು. ಎಡಗೈ ಎತ್ತಿ, ಇಲ್ಲದ ವಾಯರನ್ನು ಇಲ್ಲದ ತೂತಿಗೆ ಸಿಕ್ಕಿಸಿ ತೋರಿಸಿದಳು. ಎಂಬತ್ತರ ಹತ್ತಿರದ ಕೈ, ಒಂದಿಷ್ಟೂ ತಡವರಿಸಲಿಲ್ಲ.

ಗದಗಿನಲ್ಲಿದ್ದಾಗ ಅವಳ ಪಕ್ಕದಲ್ಲಿ ಕುಳಿತು ಸೊಪ್ಪು ಸೋಸುತ್ತ ಏನೇನೋ ಮಾತಾಡಿ ಎದ್ದು ಬರುತ್ತಿದ್ದೆ. ಇಲ್ಲಿ ಫೋನಿನಲ್ಲಿ ಅವಳ ಮುಖ ಬಿಟ್ಟರೆ ನೋಡಲು ಬೇರೇನೂ ಇರಲಿಲ್ಲ. ನಾನು ಈ ಊರಿನವಳಾಗಿಲ್ಲ. ಆ ಊರಿಗೆ ಹೋದರೂ ಈಗ ಮೊಮ್ಮಗಳ ದನಿಯಿಲ್ಲದೆ ಇರಲಾರೆ. ಎರಡೂ ಕಡೆ ಅರ್ಧರ್ಧ ಇರುವವಳಿಗೆ ಪೂರ್ತಿ ಇದ್ದವಳು ಅಕ್ಕ ಒಬ್ಬಳೇ.

‘ಅಕ್ಕಾ’ ಅಂದೆ. ಅವಳ ಕೈ ಗಾಳಿಯಲ್ಲೇ ನಿಂತಿತು.

‘ಅವತ್ತು ಕೇಳು ಅಂದಾಕಿ ನಾನು. ಆಣಿ ಮಾಡಿ ಮಾತು ಒಡದಾಕಿನೂ ನಾನು. ಸಾಹೇಬರ ಮುಂದ ಸುಮ್ಮನ ನಿಂತೆ. ನಿನ್ನ ಬದುಕು ಕೆಡಿಸಿದೆ ಅಕ್ಕಾ. ತಪ್ಪಾತು ನಂದು, ಕ್ಷಮಾ ಮಾಡು.’