ಯಜಮಾನರ ಕೋಟು ನೋಡಲು ಹೋದದ್ದು

ಸ್ಟೇಷನ್ ರಸ್ತೆಯ ಕನ್ನಡಕದ ಅಂಗಡಿಯವನು “ಮೂರು ತಾಸು ಬಿಟ್ಟು ಬರ್ರಿ” ಅಂದ. ಅಷ್ಟರಲ್ಲಿ ನಮ್ಮೂರು ಬಬಲೇಶ್ವರಕ್ಕೆ ಹೋಗಿ ಮತ್ತೆ ಬರುವುದು ಬರೀ ದಣಿವು. ನನಗೂ ಅದೇ ಬೇಕಾಗಿತ್ತು. ವಿಜಯಪುರಕ್ಕೆ ಬಂದವಳು ಯಜಮಾನರ ಕೋಟು ನೋಡಿಯೇ ಹೋಗಬೇಕೆಂದು ಮನೆಯಲ್ಲೇ ನಿಶ್ಚಯಿಸಿದ್ದೆ. ತೊರವಿ ಕಡೆಯ ಆಟೋ ಹತ್ತಿದೆ.

ಅವರು ಮಿಲಿಟರಿಯಲ್ಲಿದ್ದವರು. ತೀರಿಕೊಂಡ ಮೇಲೆ ಆ ಉಣ್ಣೆಯ ಕೋಟನ್ನು ಅಲ್ಲಿನ ಸೇನಾ ಮ್ಯೂಸಿಯಮ್ಮಿಗೆ ಕೊಟ್ಟವಳು ನಾನೇ. ಗೂಟಕ್ಕೆ ನೇತುಹಾಕಿದ್ದನ್ನು ದಿನಾ ನೋಡಲಾಗುತ್ತಿರಲಿಲ್ಲ. ಕೊಟ್ಟ ಮೇಲೆ ಖಾಲಿ ಗೂಟ ನೋಡಲಾಗಲಿಲ್ಲ. ಮಕ್ಕಳಿಲ್ಲದ ಮನೆ, ಬೈಯಲಿಕ್ಕಾದರೂ ಒಬ್ಬರು ಬೇಕಲ್ಲ! ಅವರದೆಂದು ಉಳಿದಿದ್ದ ಬಟ್ಟೆ ಅದೊಂದೇ.

ಮ್ಯೂಸಿಯಮ್ಮಿನೊಳಗೆ ತೋಪು, ಬಂದೂಕು, ಪದಕ ಯಾವುದನ್ನೂ ನಾನು ಕಣ್ಣೆತ್ತಿ ನೋಡಲಿಲ್ಲ. ನೆಟ್ಟಗೆ ಅವರ ಕೋಟು ಇಟ್ಟಿದ್ದ ಗಾಜಿನ ಕಪಾಟಿನ ಮುಂದೆ ಹೋಗಿ ನಿಂತೆ. ಒಳಗಿನ ಬೊಂಬೆ ಬೇರೆ ಯಾರದೋ ಅಂಗಿ ತೊಟ್ಟು ನಿಂತಿತ್ತು. ಮೈಯೆಲ್ಲ ಉರಿದುಹೋಯಿತು.

“ಇಲ್ಲಿದ್ದ ಕೋಟು ಎಲ್ಲೈತ್ರಿ?” ಎಂದು ಕಾವಲಿನವನನ್ನು ಗದರಿಸಿದೆ.

“ಅದು ಜರಡಿ ಆಗಿತ್ರೀ ಅವ್ವಾರ. ಯಾವ ಶಾಣ್ಯಾರು ಕೊಟ್ಟಿದ್ರೋ ಏನೋ, ಒಳಜೇಬಿನ್ಯಾಗ ಒಂದು ಹಿಡಿ ಜ್ವಾಳ ಹಾಕ್ಯಾರ! ಜ್ವಾಳಕ್ಕ ಹುಳ ಬಿದ್ದು, ಕೋಟು ತಿಂದು ಹಾಕ್ಯಾವ. ಉಳಿದ ಅರಿವಿಗೂ ಹತ್ತತಾವಂತ ಸುಟ್ವಿರಿ.”

ಆ ಶಾಣ್ಯಾಕಿ ನಾನೇ. ತಿಕೋಟಾದ ನನ್ನ ತವರಿನಲ್ಲಿ ಹೆಣ್ಣುಮಗಳನ್ನು ಸೆರಗಿಗೆ ಕಾಳು ಹಾಕಿ ಉಡಿ ತುಂಬದೆ ಹೊಸಿಲು ದಾಟಿಸುವುದಿಲ್ಲ. ಗಂಡಸಿಗೆ ಉಡಿ ಎಲ್ಲಿಂದ ತರುವುದು? ಯಜಮಾನರು ರಜೆ ಮುಗಿಸಿ ಹೊರಟಾಗಲೆಲ್ಲ ನಾನು ಅವರ ಜೇಬಿಗೇ ಜೋಳ ತುಂಬುತ್ತಿದ್ದೆ. “ನಿನಗ ತಲಿ ಕೆಟ್ಟೈತಿ” ಎಂದು ನಗುತ್ತಿದ್ದರು. ಸ್ಟೇಷನ್ನಿನಲ್ಲಿ ಅದನ್ನು ಗುಬ್ಬಿಗಳಿಗೆ ಚೆಲ್ಲಿ ರೈಲು ಹತ್ತುತ್ತಿದ್ದರು. ಕೋಟು ಕೊಟ್ಟ ದಿನವೂ ಬರಿದೇ ಕಳಿಸಲು ನನಗೆ ಮನಸ್ಸಾಗಲಿಲ್ಲ. ಚೆಲ್ಲುವವರು ಈಗಿಲ್ಲ ಎನ್ನುವುದು ಹೊಳೆಯಲೇ ಇಲ್ಲ.

“ನಾನ ಹಾಕಿದ್ನಿರಿ. ಅದು ನಮ್ಮ ಯಜಮಾನ್ರ ಕೋಟು” ಎಂದೆ.

ಅವನು ಓಡಿಹೋಗಿ ಕುರ್ಚಿ ತಂದಿಟ್ಟ. “ತಪ್ಪಾತ್ರಿ ಅವ್ವಾರ, ನೀವಂತ ಗೊತ್ತಿರಲಿಲ್ರಿ” ಎಂದು ಕೈಮುಗಿದ. ಪಾಪ, ಅವನದೇನು ತಪ್ಪು? ಕುರ್ಚಿಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡೆ.

“ಸುಡೂ ಮುಂದ ನನಗೊಂದು ಮಾತು ತಿಳಸಬೇಕಾಗಿತ್ತು ನೋಡ್ರಿ” ಎಂದೆ. “ಬಾಜೂಕ ನಿಲ್ಲಾಕ ಮನ್ಯಾಕಿ ಒಬ್ಬಾಕಿ ಇದ್ದಳಲ್ರಿ.”