ಹೋ ಅಂದರೆ ನಿಲ್ಲುವ ಗಾಡಿ

ನಮ್ಮ ಕಾಕಾನ ಬಲಗಾಲಿನ ಹಿಮ್ಮಡಿ ಒಂದೇ ದಿನದಲ್ಲಿ ಕೆಟ್ಟದ್ದಲ್ಲ. ಅಮ್ಮಿನಬಾವಿಯ ರೈತರು ಬೆಳೆದ ಬದನೆ, ಸವತೆ, ಹಸಿಮೆಣಸಿನಕಾಯಿಗಳನ್ನು ತನ್ನ ಪಿಕಪ್ ಗಾಡಿಯಲ್ಲಿ ಹೇರಿಕೊಂಡು ಅವನು ವರ್ಷಗಟ್ಟಲೆ ಬೆಳಗಾವಿಯ ಮಾರುಕಟ್ಟೆಗೆ ಮುಟ್ಟಿಸಿದ್ದಾನೆ. ಧಾರವಾಡ ದಾಟಿ ಹೆದ್ದಾರಿ ಹತ್ತಿದ ಮೇಲೆ ಗೇರು ಬದಲಿಸುವ ಕೆಲಸ ಕಡಿಮೆ. ಆದರೆ ಬಲಗಾಲು ಮಾತ್ರ ಎಕ್ಸಲರೇಟರಿನ ಮೇಲೆ ಒಂದೇ ಓರೆಯಲ್ಲಿ ಊರಿಕೊಂಡಿರಬೇಕು. ಹೋದ ವರ್ಷದ ಹೊತ್ತಿಗೆ ಅವನು ಗಾಡಿಯಿಂದ ಇಳಿದು, ಬಾಗಿಲು ಹಿಡಿದು ನಿಂತು, ಹಿಮ್ಮಡಿ ನೆಲಕ್ಕೆ ತಾಗದಂತೆ ಬೆರಳುಗಳ ಮೇಲೆ ಮನೆಯೊಳಗೆ ಬರತೊಡಗಿದ್ದ.

ವೈದ್ಯರು ಕಾಲಿಗೆ ವಿಶ್ರಾಂತಿ ಬೇಕೆಂದರು. ಅವನ ಹೆಂಡತಿ, ನಮ್ಮ ಕಾಕು, ಅದನ್ನೇ ಕಾಯುತ್ತಿದ್ದಳು. ಊರಿನ ಒಬ್ಬ ಡ್ರೈವರನಿಗೆ ಮಾತೂ ಕೊಟ್ಟಿಟ್ಟಳು.

"ಡ್ರೈವರ್ ಇಟ್ಟರ ನಾ ಏನ ಮಾಡ್ಲಿ? ಕಟ್ಟಿ ಮ್ಯಾಲ ಕುಂತು ಮಂದಿ ಎಮ್ಮಿ ಎಣಸ್ಲೇನು?" ಎಂದ ಕಾಕಾ.

"ಎಣಸ್ರಿ. ಎಮ್ಮಿ ಎಣಸಿದ್ರ ಹಿಮ್ಮಡಾ ನೋಯೂದಿಲ್ಲ," ಎಂದಳು ಕಾಕು.

ತಮಾಷೆಯಂತೆ ಕೇಳಿಸಿದರೂ ಅದು ತಮಾಷೆಯಾಗಿರಲಿಲ್ಲ. ಕಾಕಾನಿಗೆ ಆ ಗಾಡಿಯ ಸೀಟು ಹೋದರೆ ಎದ್ದು ಹೋಗಲು ಬೇರೆ ಜಾಗವಿರಲಿಲ್ಲ. ನಸುಕಿನಲ್ಲಿ ರೈತರು ಅವನ ಹೆಸರು ಹಿಡಿದು ಕೂಗುವುದು, ಮಾರುಕಟ್ಟೆಯಲ್ಲಿ ಹಮಾಲರು ಅವನ ಗಾಡಿಗೆ ದಾರಿ ಬಿಡುವುದು, ಇವೆಲ್ಲ ಆ ಸೀಟಿಗೆ ಅಂಟಿಕೊಂಡಿದ್ದವು.

ಉಪಾಯದ ಎಳೆ ಸಿಕ್ಕಿದ್ದು ಕಾಕಾನಿಂದಲೇ. "ಟ್ರ್ಯಾಕ್ಟರ್‌ದಾಗ ಕೈಲೆ ಎಕ್ಸಲೇಟರ್ ಹಚ್ಚಿ ಬಿಟ್ರ ಮುಗೀತು. ಹೊಲದಾಗ ದಿನಾಪೂರ್ತಿ ರಂಟಿ ಹೊಡದ್ರೂ ಕಾಲು ಆರಾಮ ಇರತೈತಿ. ಈ ಗಾಡಿಗೆ ಹಂತಾದೊಂದು ಯಾಕ ಇಟ್ಟಿಲ್ಲ ಅವರು?"

"ಅದಕ್ಕ ಕ್ರೂಸ್ ಕಂಟ್ರೋಲ್ ಅಂತಾರ ಕಾಕಾ. ದೊಡ್ಡ ಕಾರಿನ್ಯಾಗ ಇರತೈತಿ," ಎಂದೆ. ಆಗತಾನೆ ಎಂ.ಎ. ಮುಗಿಸಿ ಮನೆಯಲ್ಲಿದ್ದೆ.

"ದೊಡ್ಡ ಕಾರಿನವರ ಕಾಲಷ್ಟ ನೋಯ್ತಾವೇನು?"

ಈ ಪ್ರಶ್ನೆಗೆ ಉತ್ತರ ಕೇಳಿಕೊಂಡು ನಾವು ಮೊದಲು ಹೋದದ್ದು ಗಾಡಿ ಮಾರಿದ ಶೋರೂಮಿಗೆ. ಈ ಮಾದರಿಗೆ ಅದು ಬರುವುದಿಲ್ಲ ಎಂದರು. ಹೊರಗೆ ಹಾಕಿಸಿಕೊಳ್ಳಬಹುದೇ ಎಂದರೆ, ಹಾಕಿಸಿಕೊಂಡರೆ ತಂತಿಗಳ ವಿಷಯದಲ್ಲಿ ತಮ್ಮ ಜವಾಬ್ದಾರಿ ಇರುವುದಿಲ್ಲ ಎಂದರು. ವಾರಕ್ಕೊಮ್ಮೆ ಊರ ಹೊರಗೆ ಸುತ್ತಾಡಿ ಬರುವವರ ಪಾದಕ್ಕೆ ಇರುವ ಆರಾಮ, ದಿನವೂ ಒಂದು ಊರಿನ ತರಕಾರಿ ಹೊರುವವನ ಪಾದಕ್ಕೆ ಏಕೆ ಬೇಡವಾಯಿತು ಎಂದು ಕೇಳಿದೆ. ಅಲ್ಲಿದ್ದ ತರುಣ ನನ್ನನ್ನು ನೋಡಿ ನಕ್ಕು, ನೀರಿನ ಬಾಟಲಿ ಕೊಟ್ಟ.

ಕೊನೆಗೆ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಸೀಟು ಕವರು, ಸ್ಪೀಕರು, ಕ್ಯಾಮರಾ ಹಾಕಿಕೊಡುವ ಒಂದು ಅಂಗಡಿ ಸಿಕ್ಕಿತು. ಮಾಲೀಕ ನಡುವಯಸ್ಸಿನವ, ಮಾತು ಮೃದು. ಈಗಿನ ಗಾಡಿಗಳಲ್ಲಿ ಎಕ್ಸಲರೇಟರಿನಿಂದ ಎಂಜಿನ್ನಿಗೆ ಉಕ್ಕಿನ ಕೇಬಲ್ಲು ಹೋಗುವುದಿಲ್ಲ, ವಿದ್ಯುತ್ ಸಂದೇಶ ಹೋಗುತ್ತದೆ. ಆ ದಾರಿಯ ನಡುವೆ ಒಂದು ಚಿಕ್ಕ ಪೆಟ್ಟಿಗೆ ಕೂಡಿಸಿದರೆ, ಗುಂಡಿ ಒತ್ತಿದ ವೇಗವನ್ನು ಅದೇ ಹಿಡಿದುಕೊಂಡು ಹೋಗುತ್ತದೆ ಎಂದು ಅವನು ವಿವರಿಸಿದ.

"ಬ್ರೇಕ್ ಒತ್ತಿದ ಕೂಡಲೇ ಬಿಡತೈತೇನ್ರಿ?" ಎಂದು ಕೇಳಿದೆ.

"ಒತ್ತೂದ ಬ್ಯಾಡ್ರಿ ಮೇಡಂ, ಮುಟ್ಟಿದ್ರ ಸಾಕು. ಬಿಟ್ಟಬಿಡತೈತಿ."

ಅಂದೇ ಪೆಟ್ಟಿಗೆ ಕೂಡಿಸಿಕೊಂಡು ಸಂಜೆ ಕಾಕಾ ಗಾಡಿಯನ್ನು ಮನೆಗೆ ತಂದ. ಕೆಲವು ವಾರಗಳಲ್ಲಿ ಅವನ ನಡಿಗೆ ಸುಧಾರಿಸಿತು. ಹೆದ್ದಾರಿಯಲ್ಲಿ ಪಾದವನ್ನು ಬ್ರೇಕಿನ ಮಗ್ಗುಲಲ್ಲಿ ಆರಾಮವಾಗಿ ಇಟ್ಟುಕೊಂಡು ಕೂಡುತ್ತಿದ್ದ. ಕಾಕು ಡ್ರೈವರನಿಗೆ, ಇನ್ನೊಂದಿಷ್ಟು ದಿನ ತಡೆಯಪ್ಪಾ ಎಂದು ಹೇಳಿ ಕಳಿಸಿದಳು.

ದಸರೆಯಲ್ಲಿ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ನಮ್ಮ ಕಡೆ ಅಂದು ಗಾಡಿಗಳಿಗೂ ಸಿಂಗಾರ. ಕಾಕಾ ಹಿಂಬದಿಯ ಫಲಕದ ಸುತ್ತ ಸಣ್ಣ ಕೆಂಪು ದೀಪಗಳ ಸರ ಹಾಕಿಸಿ, ಬ್ರೇಕ್ ಒತ್ತಿದಾಗ ಅದೂ ಹತ್ತಲಿ ಎಂದು ಬ್ರೇಕ್ ದೀಪದ ತಂತಿಗೇ ಅದನ್ನು ಸೇರಿಸಿದ. ಊರಿನ ಅರ್ಧ ಗಾಡಿಗಳಲ್ಲಿ ಹಾಗೆಯೇ ಇದೆ.

ಕಬ್ಬಿನ ಹಂಗಾಮು ಶುರುವಾಗಿತ್ತು. ಒಂದು ಬೆಳಗ್ಗೆ ಹೆದ್ದಾರಿಯಲ್ಲಿ ವೇಗವನ್ನು ಪೆಟ್ಟಿಗೆಗೆ ಒಪ್ಪಿಸಿ ಹೋಗುತ್ತಿದ್ದಾಗ, ಎರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರೊಂದು ಮಗ್ಗುಲ ರಸ್ತೆಯಿಂದ ನಿಧಾನವಾಗಿ ಮೇಲೆ ಬಂತು. ಕಾಕಾ ಬ್ರೇಕ್ ಒತ್ತಿದ. ಗಾಡಿಯ ವೇಗ ತುಸು ಇಳಿಯಿತು, ಆದರೆ ಎಂಜಿನ್ನು ಬಿಡಲಿಲ್ಲ. ಹಿಂದಿನಿಂದ ಯಾರೋ ನೂಕಿದಂತೆ ಎದುರಾಡಿತು. ಕ್ಲಚ್ ಒತ್ತಿದ. ಎಂಜಿನ್ನು ಕಿರುಚಿತು. ಪೆಟ್ಟಿಗೆಯನ್ನು ಆರಿಸುವ ಗುಂಡಿಯೊಂದಿದೆ ಎಂಬುದು ಆ ಗಳಿಗೆಯಲ್ಲಿ ಅವನಿಗೆ ನೆನಪಾಗಲಿಲ್ಲ. ಕೀಲಿ ತಿರುಗಿಸಿ ಎಂಜಿನ್ನನ್ನೇ ಆರಿಸಿ, ಭಾರವಾದ ಸ್ಟೇರಿಂಗನ್ನು ಎರಡೂ ಕೈಯಿಂದ ಎಳೆದು, ರಸ್ತೆಯ ಅಂಚಿನ ಮಣ್ಣಿಗೆ ಇಳಿಸಿ ನಿಲ್ಲಿಸಿದ. ಕಬ್ಬಿನ ಟ್ರೇಲರಿಗೂ ನಮ್ಮ ಗಾಡಿಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಉಳಿದಿತ್ತಂತೆ.

ಇದನ್ನು ಕಾಕಾ ಊಟಕ್ಕೆ ಕೂತಾಗ, ಬದನೆಕಾಯಿ ದರ ಹೇಳುವ ದನಿಯಲ್ಲಿ ಹೇಳಿದ. ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೈಯ ಹಿಟ್ಟು ಒರೆಸಿಕೊಂಡು, "ಸೋಮವಾರದಿಂದ ಡ್ರೈವರ್ ಬರ್ತಾನ," ಎಂದಳು. ಈ ಸಲ ಕಾಕಾ ಎಮ್ಮೆಯ ಮಾತೆತ್ತಲಿಲ್ಲ.

ಮರುದಿನ ಕಾಕಾ ಮತ್ತು ನಾನು ಗೋಕುಲ ರಸ್ತೆಗೆ ಹೋದೆವು. ಮಾಲೀಕ ಹಿಂದಿನ ದೀಪಗಳನ್ನು ನೋಡಿದ, ಫ್ಯೂಸಿನ ಪೆಟ್ಟಿಗೆ ತೆರೆದ, ಸುಟ್ಟ ಫ್ಯೂಸೊಂದನ್ನು ಎತ್ತಿ ತೋರಿಸಿದ.

"ನೋಡ್ರಿ, ನಿಮ್ಮ ಲೈಟಿನ ಸರಾ ಮಾಡಿದ ಕೆಲಸಾ ಇದು. ಬ್ರೇಕ್ ಲೈಟಿನ ಫ್ಯೂಸ್ ಹಾರೇತಿ. ನಮ್ಮ ಪೆಟಗಿಗೆ ಬ್ರೇಕ್ ಒತ್ತಿದ್ದು ತಿಳಿಯೂದು ಆ ಲೈಟಿನ ವಾಯರ್‌ನಿಂದನ. ನಮ್ಮ ತಪ್ಪಲ್ರಿ ಇದು."

ದೀಪದ ಸರ ನಮ್ಮದು, ನಿಜ. ಅದನ್ನು ನಾನು ಒಪ್ಪಿಕೊಂಡೆ. ಆದರೆ ಬಲ್ಬು ಸುಡುವುದು, ಫ್ಯೂಸು ಹಾರುವುದು ಯಾವ ಗಾಡಿಯಲ್ಲಿಯೂ ಆಗುವಂಥದ್ದು. ಒಂದು ಬಲ್ಬು ಎಂದೂ ಕೆಡುವುದಿಲ್ಲ ಎಂಬ ನಂಬಿಕೆಯ ಮೇಲೆ ಒಬ್ಬ ಮನುಷ್ಯನ ಜೀವವನ್ನು ಕಟ್ಟಿಟ್ಟದ್ದು ಯಾರು ಎಂದು ಕೇಳಿದೆ. ಗಾಡಿ ಕಟ್ಟಿದವರು ಇದನ್ನು ಕೊಡಲೇ ಇಲ್ಲ, ಮಾರಿದವರು ನಮ್ಮದಲ್ಲ ಎಂದರು, ಈಗ ನೀವೂ ನಿಮ್ಮದಲ್ಲ ಎನ್ನುತ್ತೀರಿ. ಹಾಗಾದರೆ ಹೆದ್ದಾರಿಯಲ್ಲಿ ನೂಕಿದ ಆ ಬಲ ಯಾರದು? ನನ್ನ ದನಿ ಏರಿತ್ತು. ಪಕ್ಕದ ಅಂಗಡಿಯವರು ಬಾಗಿಲಿಗೆ ಬಂದು ನಿಂತರು.

ಮಾಲೀಕ ಹೊಸ ಫ್ಯೂಸು ಹಾಕಿದ. "ಈಗ ಬೇಕಾದ್ರ ನೋಡ್ರಿ, ಮುಟ್ಟಿದ್ರ ಬಿಡತೈತಿ."

"ಆ ಫ್ಯೂಸ್ ತಗದು ತೋರಸ್ರಿ," ಎಂದೆ.

"ಅದ್ಯಾಕ ತಗೀಲಿ? ತಗದ್ರ ಬಿಡೂದಿಲ್ಲಂತ ನಾನ ಹೇಳಾಕತ್ತೇನಲ್ರಿ."

ಅಷ್ಟೂ ಹೊತ್ತು ಗಾಡಿಗೆ ಒರಗಿ ನಿಂತಿದ್ದ ಕಾಕಾ ಆಗ ಬಾಯಿ ತೆರೆದ. "ಸಾವ್ಕಾರ್ರ, ನಮ್ಮಪ್ಪ ಎತ್ತು ತರಾಕ ಸಂತಿಗೆ ಹೋದ್ರ ಒಂದ ಮಾತು ಹೇಳತಿದ್ದ. ಮಾರಾಂವ ತಾನ ಹೂಡಿ ತೋರಸಬೇಕು, ತಾನ ಚಕ್ಕಡ್ಯಾಗ ಕೂಡಬೇಕು. ಎಳಿಯೂದು ಎಲ್ಲಾ ಎತ್ತೂ ಎಳಿತಾವ. ಹೋ ಅಂದ್ರ ನಿಲ್ಲತೈತೋ ಇಲ್ಲೋ, ಅದನ್ನ ನೋಡತಿದ್ದ ಅಂವಾ."

"ಈಗ ಎತ್ತಿನ ಮಾತ್ಯಾಕ್ರಿ ಕಾಕಾರ?"

"ನಾ ನಿಮ್ಮ ಅಂಗಡ್ಯಾಗ ಒಂದ ಎತ್ತು ತಗೊಂಡೇನಿ. ಮಾರಿದವರು ನೀವು. ಹೂಡಿ ತೋರಸ್ರಿ. ಸ್ಟೇರಿಂಗ್ ಹಿಂದ ನೀವ ಕುಂದರ್ರಿ, ನಾ ಮಗ್ಗಲಕ ಕೂಡ್ತೇನಿ."

ಬಾಗಿಲಲ್ಲಿ ನಿಂತವರಲ್ಲಿ ಒಬ್ಬ, "ಹೋಗೋ, ಕಾಕಾ ಖರೇ ಹೇಳಾಕತ್ತಾರ," ಎಂದ. ಇನ್ನೊಬ್ಬ, "ಮೀಶಿ ತಿರುವತಿದ್ದೆಲ್ಲಾ, ಗಾಡಿ ಹತ್ತು ಈಗ," ಎಂದು ನಕ್ಕ. ಮಾಲೀಕನಿಗೆ ಹಿಂದೆ ಸರಿಯಲು ದಾರಿ ಉಳಿಯಲಿಲ್ಲ.

ಅಂಗಡಿಯ ಹಿಂದಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಅಂದು ವಾರದ ರಜೆ. ಒಳರಸ್ತೆ ಉದ್ದಕ್ಕೂ ಖಾಲಿ ಇತ್ತು. ಬ್ರೇಕ್ ದೀಪದ ಫ್ಯೂಸನ್ನು ಕಿತ್ತು ನನ್ನ ಕೈಯಲ್ಲಿ ಹಿಡಿದುಕೊಂಡು ನಾನು ಕಿಟಕಿಯ ಬದಿಗೆ ಕೂತೆ. ಮಾಲೀಕ ವೇಗ ಹಿಡಿಸಿ, ಗುಂಡಿ ಒತ್ತಿ, ಎಕ್ಸಲರೇಟರಿನಿಂದ ಕಾಲು ತೆಗೆದ. ಗಾಡಿ ತಾನಾಗಿ ಹೊರಟಿತು. "ಈಗ ಹೋ ಅನ್ರಿ," ಎಂದ ಕಾಕಾ. ಮಾಲೀಕ ಬ್ರೇಕ್ ಮುಟ್ಟಿದ. ಗಾಡಿ ಹೋಗುತ್ತಲೇ ಇತ್ತು. ಇನ್ನಷ್ಟು ಒತ್ತಿದ. ಎಂಜಿನ್ನು ಗುಮ್ಮೆಂದು ಎದುರಾಡಿತು. ಅವನ ಹೆಬ್ಬೆರಳು ಆರಿಸುವ ಗುಂಡಿಗಾಗಿ ತಡಕಾಡಿ, ಎರಡನೆಯ ಯತ್ನಕ್ಕೆ ಅದನ್ನು ಕಂಡುಕೊಂಡಿತು. ತಾನೇ ಕೂಡಿಸಿದ ಗುಂಡಿ ಅದು. ಗಾಡಿ ನಿಂತಿತು.

"ಖಾಲಿ ಗಾಡಿ ಇದು," ಎಂದ ಕಾಕಾ. "ಅವತ್ತ ಮಾಲು ಹೇರಿದ್ದಿತ್ತು."

ಅಂಗಡಿಗೆ ಮರಳಿದ ಮೇಲೆ ಮಾಲೀಕ ಡ್ಯಾಶ್‌ಬೋರ್ಡಿನ ಕೆಳಗಿನ ಮುಚ್ಚಳ ತೆಗೆದ. ಅಲ್ಲಿ ಎರಡು ತಂತಿಗಳನ್ನು ಸುರುಳಿ ಸುತ್ತಿ, ಕಪ್ಪು ಟೇಪು ಹಚ್ಚಿ ಮಲಗಿಸಲಾಗಿತ್ತು. ಯಾವುವು ಇವು ಎಂದು ಕೇಳಿದೆ.

"ಒಂದು ಕ್ಲಚ್ಚಿಂದ್ರಿ. ಇನ್ನೊಂದು ಬ್ರೇಕಿಂದ, ಲೈಟ್ ಹೋದ್ರೂ ಬಿಡಸಾಕಂತ ಬ್ಯಾರೇ ಕೊಟ್ಟಿರತಾರ."

"ಮತ್ತ ಯಾಕ ಜೋಡಿಸಲಿಲ್ಲ?"

"ಯಾರೂ ಜೋಡಸೂದಿಲ್ರಿ. ಪೆಡಲ್ ಕೆಳಗ ತಲಿ ತೂರಿಸಿ ಮಲಕೊಂಡು ಮಾಡಬೇಕು. ಅರ್ಧಾ ದಿನಾ ಹೋಗತೈತಿ. ಯಾರೂ ಕೇಳೂದೂ ಇಲ್ಲ."

ಅಂದೇ ಅವನು ಪೆಡಲಿನ ಕೆಳಗೆ ತಲೆ ತೂರಿಸಿ ಮಲಗಿದ. ಕೆಲಸ ಮುಗಿದ ಮೇಲೆ ಮತ್ತೆ ಫ್ಯೂಸು ಕಿತ್ತು, ಮತ್ತೆ ಅವನನ್ನೇ ಸ್ಟೇರಿಂಗಿನ ಹಿಂದೆ ಕೂಡಿಸಿ, ಅದೇ ರಸ್ತೆಗೆ ಹೋದೆವು. ಬ್ರೇಕ್ ಮುಟ್ಟುತ್ತಲೇ ಎಂಜಿನ್ನು ಸುಮ್ಮನಾಯಿತು. ಕ್ಲಚ್ಚಿಗೂ ಹಾಗೆಯೇ. ಕಾಕಾ ತಲೆಯಾಡಿಸಿ, "ಈಗ ಎತ್ತು ಆತು ನೋಡ್ರಿ," ಎಂದ. ಅವನ ಮಟ್ಟಿಗೆ ವ್ಯವಹಾರ ಮುಗಿದಿತ್ತು.

ನನ್ನ ಮಟ್ಟಿಗೆ ಮುಗಿದಿರಲಿಲ್ಲ. ಯಾರೂ ಜೋಡಿಸುವುದಿಲ್ಲ ಎಂದನಲ್ಲ, ಆ ಮಾತು ನನ್ನ ಕಿವಿಯಲ್ಲಿಯೇ ಕೂತಿತ್ತು. ನಮ್ಮದನ್ನು ಸರಿಮಾಡಿಸಿಕೊಂಡು ಮನೆಗೆ ಹೋದರೆ, ಅಂಥವೇ ತಂತಿಗಳನ್ನು ಮಲಗಿಸಿಕೊಂಡು ಅದೇ ಹೆದ್ದಾರಿಯಲ್ಲಿ ಓಡಾಡುವ ಉಳಿದವರ ಗತಿ ಏನು? ಜಗಳಾಡಲು ಒಬ್ಬ ಮಗಳೋ ಅಣ್ಣನ ಮಗಳೋ ಮನೆಯಲ್ಲಿ ಇಲ್ಲದಿರುವುದು ಅವರ ತಪ್ಪೇ?

"ಇನ್ನ ಯಾರ್‍ಯಾರ ಗಾಡಿಗೆ ಹಿಂಗ ಹಾಕಿಕೊಟ್ಟೀರಿ? ಈಗ ಫೋನ್ ಮಾಡ್ರಿ," ಎಂದೆ.

ಕಾಕಾ ನನ್ನ ತೋಳು ಮುಟ್ಟಿ, "ಸಾಕವಾ, ಮನಿಗಿ ಹೋಗೂಣು," ಎಂದ. ನಾನು ಕುರ್ಚಿ ಎಳೆದುಕೊಂಡು ಕೂತೆ. ಮಾಲೀಕ ನನ್ನನ್ನೊಮ್ಮೆ, ಕುರ್ಚಿಯನ್ನೊಮ್ಮೆ ನೋಡಿ ಫೋನು ಕೈಗೆತ್ತಿಕೊಂಡ.

"ಅಣ್ಣಾರ, ಅಂಗಡಿಗೆ ಬಂದ ಹೋಗ್ರಿ. ಒಂದ ಹೊಸಾ ಸ್ಕೀಮ್ ಐತಿ, ಪುಕ್ಕಟ ಸರ್ವಿಸ್..."

"ಸ್ಕೀಮ್ ಅನಬ್ಯಾಡ್ರಿ. ಇದ್ದದ್ದು ಹೇಳ್ರಿ," ಎಂದೆ.

ಅತ್ತಲಿನ ದನಿ ನಮಗೂ ಕೇಳುತ್ತಿತ್ತು: "ಏನೋ, ಪುಕ್ಕಟ ಸರ್ವಿಸ್ ಕೊಡ್ತಿ? ಸೂರ್ಯಾ ಎತ್ತಾಗ ಹುಟ್ಯಾನ ಇವತ್ತ?"

ಮಾಲೀಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ನಂದ ತಪ್ಪಾಗೇತ್ರಿ ಅಣ್ಣಾರ. ಎರಡು ವಾಯರ್ ಜೋಡಿಸಿಲ್ಲ. ಗಾಡಿ ತರೂತನಕಾ ಆ ಬಟನ್ ಮುಟ್ಟಬ್ಯಾಡ್ರಿ."

ಅವನು ಮುಂದಿನ ನಂಬರು ಹುಡುಕಿದ. ಎಲ್ಲರಿಗೂ ಮಾಡಿ ಮುಗಿಸಿದನೆಂದು ನಾನು ಹೇಳಲಾರೆ. ಕತ್ತಲಾಗುವ ಮೊದಲು ನಾವು ಹೊರಡಬೇಕಾಯಿತು. ಮುಂದಿನ ವಾರ ಬಸ್ಸಿನಲ್ಲಿ ಅದೇ ದಾರಿಯಾಗಿ ಹೋಗುವಾಗ ಅಂಗಡಿಯ ಮುಂದೆ ಒಂದು ಟೆಂಪೋ ನಿಂತಿತ್ತು. ಅದರ ತೆರೆದ ಬಾಗಿಲಿನಿಂದ ಎರಡು ಕಾಲುಗಳು ಹೊರಚಾಚಿದ್ದವು.

ಮನೆಯಲ್ಲಿ ಕಾಕುವನ್ನು ಒಪ್ಪಿಸುವುದು ಮಾಲೀಕನನ್ನು ಒಪ್ಪಿಸಿದ್ದಕ್ಕಿಂತ ಕಷ್ಟವಾಯಿತು. ನಮ್ಮ ಮಾತಿಗೆ ಅವಳು ಜಗ್ಗಲಿಲ್ಲ. ತಾನೇ ಗಾಡಿ ಹತ್ತಿ, ಹೆದ್ದಾರಿಯವರೆಗೆ ಬಂದು, "ಒತ್ತರಿ ನೋಡೂಣು. ಇನ್ನೊಮ್ಮೆ ಒತ್ತರಿ," ಎಂದು ತನಗೆ ಸಾಕೆನಿಸುವವರೆಗೂ ಒತ್ತಿಸಿದಳು. ಹಿಂದಿನಿಂದ ಬಂದ ಬಸ್ಸಿನವನು ಬೈದು ಮುಂದೆ ಹೋದ. ಆ ರಾತ್ರಿ ಡ್ರೈವರನಿಗೆ ಬೇಡವೆಂದು ಹೇಳಿದಳು. ಕೆಂಪು ದೀಪದ ಸರವನ್ನು ಮಾತ್ರ ತಾನೇ ಕಿತ್ತು ದೇವರ ಕೋಣೆಗೆ ಹಾಕಿದಳು.

ಈಗಲೂ ನಸುಕಿನಲ್ಲಿ ಕಾಕಾ ಗಾಡಿ ಏರಿ ಕೂತ ಮೇಲೆ ಕೂಡಲೇ ಹೊರಡುವಂತಿಲ್ಲ. ಕಾಕು ಅಂಗಳದಲ್ಲಿ ಗಾಡಿಯ ಹಿಂದೆ, ಸೆರಗು ಹೊದ್ದು ನಿಲ್ಲುತ್ತಾಳೆ. ಕಾಕಾ ಬ್ರೇಕ್ ಒತ್ತುತ್ತಾನೆ. ಅವಳು ಎಡದ ದೀಪವನ್ನೊಮ್ಮೆ ಬಲದ ದೀಪವನ್ನೊಮ್ಮೆ ನೋಡುತ್ತಾಳೆ.

"ಎರಡೂ ಹತ್ಯಾವ. ಹೋಗಿ ಬರ್ರಿ."