ಭಾವನ ಕಾರಿಗೆ ಬೋಟಿನ ವಾರ್ನಿಶ್

ನಮ್ಮ ಅಂಗಳದಲ್ಲಿ ನಿಂತಿರುವ ಕೆಂಪು ಕಾರು ಕಾಗದದ ಪ್ರಕಾರ ನನ್ನದಲ್ಲ, ಅಕ್ಕನ ಗಂಡನದು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನ, ತಲೆಯ ಮೇಲಿನ ಮಾಡನ್ನು ಮಡಚಿ ಹಿಂದೆ ಹಾಕಬಹುದಾದ ಸ್ಪೋರ್ಟ್ಸ್ ಕಾರು. ಭಾವ ಮುಂಬೈಯಲ್ಲಿ ಹೋಟೆಲು ನಡೆಸುತ್ತಿದ್ದಾಗ ಗಿರಾಕಿಯೊಬ್ಬರಿಂದ ಕೊಂಡದ್ದು. ಹೋಟೆಲನ್ನು ಮಗನಿಗೆ ಬಿಟ್ಟು ಕೋಟೇಶ್ವರಕ್ಕೆ ಬಂದು ನೆಲೆಸಿದ ಮೇಲೆ ಅವರ ಎಡಗಾಲಿನ ಮೊಣಗಂಟು ಕ್ಲಚ್ ಒತ್ತಲು ಒಪ್ಪಲಿಲ್ಲ. ಕಾರನ್ನು ಕುಂದಾಪುರದ ನಮ್ಮ ಮನೆಯಲ್ಲಿ ತಂದಿಟ್ಟರು. ಷರತ್ತು ಒಂದೇ: ಮಳೆಗಾಲ ಬಿಟ್ಟು, ತಿಂಗಳ ಮೊದಲ ಭಾನುವಾರ ನಾನು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೈಂದೂರಿಗೆ ಹೋಗಿ ಬರಬೇಕು. ಅಲ್ಲಿ ಚಾ, ಗೋಳಿಬಜೆ, ವಾಪಸ್ಸು. ಮೂರು ವರ್ಷಗಳಿಂದ ಇದು ನಡೆದುಕೊಂಡು ಬಂದಿದೆ. ನಾಲ್ಕು ಎನ್ನುತ್ತಾಳೆ ಹೆಂಡತಿ.

ಇಂಥ ವಿಷಯಗಳಲ್ಲಿ ನಾನು ಈಗೀಗ ವಾದಿಸುವುದಿಲ್ಲ. ಅಳೆಯದೆ ಯಾವುದನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುವಾಗ ಕಲಿತೆ. ಆ ಸಂಶಯವನ್ನು ಊರಿನವರೆಲ್ಲರ ಮಾತಿನ ಮೇಲೆ ಧಾರಾಳವಾಗಿ ಪ್ರಯೋಗಿಸುತ್ತ ಬಂದವನಿಗೆ, ಸ್ವಂತ ನೆನಪಿನ ಮೇಲೂ ಪ್ರಯೋಗಿಸಬೇಕೆಂದು ಹೊಳೆಯಲು ಅರವತ್ತು ದಾಟಬೇಕಾಯಿತು. ಹಾಗೆ ಹೊಳೆಯುವುದಕ್ಕೆ ಕಾರಣ ಈ ಕಾರಿನ ಡೈನಮೋ.

ಡೈನಮೋ ಎಂದರೆ, ಎಂಜಿನ್ ತಿರುಗುವಾಗ ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರ್. ನಮ್ಮ ಕಡೆ ಈಗಲೂ ಹಳೆಯ ಹೆಸರೇ ನಡೆಯುತ್ತದೆ. ಅದು ಕೈಕೊಟ್ಟಿದ್ದು ಮಳೆಗಾಲ ಮುಗಿದ ಮೇಲಿನ ಮೊದಲ ಸವಾರಿಯಲ್ಲಿ. ಬೈಂದೂರಿನಿಂದ ಹಿಂದೆ ಬರುವಾಗ ಬ್ಯಾಟರಿಯ ಕೆಂಪು ದೀಪ ಹತ್ತಿತು, ತ್ರಾಸಿಯ ಹತ್ತಿರ ಎಂಜಿನ್ ನಿಂತೇ ಹೋಯಿತು. ಒಂದು ಮೀನಿನ ಟೆಂಪೋ ನಿಂತಿತು. ಅದರ ಡ್ರೈವರ್ ಇಳಿದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದ.

“ಹ್ವಾಯ್, ಇಷ್ಟ್ ಸಣ್ಣ ಗಾಡಿಗ್ ಹಗ್ಗ ಎಂತಕ್ಕೆ? ಎತ್ತಿ ಮೀನಿನ್ ಮೇಲೆ ಇಡ್ಲಾ?”

ಹಗ್ಗವನ್ನೇ ಕಟ್ಟಿದ. ಕುಂದಾಪುರದವರೆಗೂ ಟೆಂಪೋದಿಂದ ಐಸು ಕರಗಿದ ಮೀನಿನ ನೀರು ನಮ್ಮ ಗಾಜಿನ ಮೇಲೆ ಸಿಡಿಯುತ್ತಿತ್ತು. ಬ್ಯಾಟರಿ ಸತ್ತದ್ದರಿಂದ ವೈಪರ್ ಇಲ್ಲ. ಭಾವ ಕೈ ಹೊರಗೆ ಚಾಚಿ ತಮ್ಮ ಬಿಳಿ ಕರವಸ್ತ್ರದಿಂದ ಗಾಜು ಒರೆಸಿದರು. ಅಂಗಳ ತಲುಪಿದ ಮೇಲೆ ಕರವಸ್ತ್ರವನ್ನು ತೆಂಗಿನ ಬುಡಕ್ಕೆ ಎಸೆದು ಹೇಳಿದರು:

“ಕೇಣ್ ಮಾರಾಯಾ. ಬಪ್ಪು ತಿಂಗ್ಳ್ ಒಳ್ಗೆ ಹೊಸ ಡೈನಮೋ ಹಾಕ್ಸ್. ಆತಿಲ್ಲೆ ಅಂದ್ರೆ ಹೇಳ್, ಗಾಡಿ ಕೊಟ್ಟ್ ಬಿಡ್ತೆ. ಆ ಬೋರಿವಲಿಯವ ಗಾಡಿ ಕೊಡಿ ಅಂದೇಳಿ ವಾರ ವಾರ ಫೋನ್ ಮಾಡ್ತಾ ಇದ್ದ. ರಿಪೇರಿ ಗಿಪೇರಿ ನಂಗ್ ಬ್ಯಾಡ.”

ನನಗೆ ಕಾರು ಹೋಗುವುದು ಬೇಡವಾಗಿತ್ತು. ಓಡಿಸುವ ಸುಖ ಒಂದು ಕಾರಣ, ಒಪ್ಪುತ್ತೇನೆ. ಇನ್ನೊಂದು ಕಾರಣ ಭಾವನೇ. ಮೂವತ್ತು ವರ್ಷ ನಾವಿಬ್ಬರೂ ಮದುವೆಮನೆಗಳಲ್ಲಿ ಎದುರಾಗಿ “ಊಟ ಆಯ್ತಾ” ಎಂದದ್ದಕ್ಕಿಂತ ಹೆಚ್ಚು ಮಾತಾಡಿದವರಲ್ಲ. ಈ ಕಾರಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತ ಮೇಲೆ ಅವರು ಮುಂಬೈಯ ಕಥೆ ಹೇಳತೊಡಗಿದರು. ಅರ್ಧ ಸುಳ್ಳೆಂದು ನನಗೆ ಗೊತ್ತು. ಉಳಿದರ್ಧಕ್ಕಾಗಿ ಭಾನುವಾರ ಕಾಯುತ್ತಿದ್ದೆ.

ದೊಡ್ಡ ಗ್ಯಾರೇಜೊಂದಕ್ಕೆ ಫೋನು ಮಾಡಿದೆ. ಇಂಥದ್ದನ್ನು ಅವರು ಬಿಚ್ಚುವುದಿಲ್ಲವಂತೆ, ಇಡಿಯಾಗಿ ಬದಲಿಸುತ್ತಾರಂತೆ, ಹೊಸದು ಹೊರದೇಶದಿಂದ ಬರಲು ಮೂರು ತಿಂಗಳು. ಭಾವ ಕೊಟ್ಟದ್ದು ಒಂದೇ ತಿಂಗಳು. ಹಾಗಾಗಿ ಡೈನಮೋ ಬಿಚ್ಚಿಸಿ, ಗೋಣಿಯಲ್ಲಿ ಸುತ್ತಿ, ಬಂದರಿನ ರಸ್ತೆಯಲ್ಲಿ ಬೋಟುಗಳ ಡೈನಮೋ ರಿಪೇರಿ ಮಾಡುವವರ ಅಂಗಡಿಗೆ ಒಯ್ದೆ. ಐವತ್ತರ ಆಸುಪಾಸಿನ ಮನುಷ್ಯ, ಕಿವಿಯ ಮೇಲೊಂದು ಬಳಪ. ಮುಚ್ಚಳ ತೆಗೆದು ಒಳಗೆ ಟಾರ್ಚು ಬಿಟ್ಟು, ನನ್ನ ಮುಖ ನೋಡಿದರು.

“ಎಂತ ಮಾರ್ರೆ, ಇದನ್ನ ಉಪ್ಪಿನಕಾಯಿ ಭರಣಿಯಂಗೆ ಇಟ್ಟಿದ್ರ್ಯಾ?”

ಒಳಗೆಲ್ಲ ಹಸಿರು ಬಿಳಿ ಪುಡಿ. ತಾಮ್ರದ ಬಳೆಗಳು ತಿಂದುಹೋಗಿದ್ದವು, ಅವುಗಳ ಮೇಲೆ ಉಜ್ಜಿ ಕರೆಂಟು ದಾಟಿಸುವ ಕಾರ್ಬನ್ ತುಂಡುಗಳು ಸವೆದು ಉಗುರಿನಷ್ಟಾಗಿದ್ದವು.

“ಮುಂಬೈಯ ಸಮುದ್ರದ ಗಾಳಿ,” ಎಂದೆ. “ಹಿಂದಿನವರು ಸರಿ ನೋಡಿಕೊಳ್ಳಲಿಲ್ಲ.”

“ಗಾಳಿಗ್ ಇಷ್ಟ್ ಆತಿಲ್ಲೆ. ಯಾರೋ ಉಪ್ಪ್ ನೀರ್ ಹೊಡ್ದಿರ್.”

ನಾನಂತೂ ಒದ್ದೆ ಬಟ್ಟೆಯಲ್ಲಿ ಒರೆಸುವುದನ್ನು ಬಿಟ್ಟು ಬೇರೇನೂ ಮಾಡಿದವನಲ್ಲ ಎಂದು ಖಡಾಖಂಡಿತವಾಗಿ ಹೇಳಿ ಮನೆಗೆ ಬಂದೆ. ಊಟಕ್ಕೆ ಕೂತಾಗ ಹೆಂಡತಿಗೂ ಅದನ್ನೇ ಹೇಳಿದೆ. ಅವಳು ಬಡಿಸುವ ಸೌಟನ್ನು ಹಾಗೇ ಹಿಡಿದು ನಿಂತಳು.

“ನಿಮ್ಗ್ ನೆನ್ಪಿಲ್ಯಾ? ಏಪ್ರಿಲಲ್ಲಿ ಅಡಿಗೆಗೇ ನೀರಿಲ್ಲೆ, ಕಾರ್ ತೊಳೂಕೆ ಎಲ್ಲಿಂದ ತರುದ್ ಅಂದೇಳಿ ನಾನ್ ಬೈದೆ. ನೀವ್ ಹೊಳಿ ಬದಿ ಬಾವಿಗ್ ಪಂಪ್ ಇಳ್ಸಿದ್ರಿ.”

ನಮ್ಮಲ್ಲಿ ಎರಡು ಬಾವಿ. ಬೇಸಿಗೆ ಏರಿದಂತೆ ಹೊಳೆಯ ಬದಿಯ ಬಾವಿಗೆ ಉಪ್ಪು ಬರುತ್ತದೆ. ಆಗ ಸಿಹಿನೀರನ್ನು ಅಡಿಗೆಗೂ ಕುಡಿಯಲಿಕ್ಕೂ ಮೀಸಲಿಟ್ಟು, ಅಂಗಳ, ಪಾತ್ರೆಯ ಮೊದಲ ತೊಳೆತ, ಕಾಲು ತೊಳೆಯುವುದು ಎಲ್ಲವೂ ಉಪ್ಪುನೀರಿನಲ್ಲೇ. ಈ ದಂಡೆಯ ಮನೆಗಳಲ್ಲಿ ಅದು ಯಾರೂ ಯೋಚಿಸದೆ ಮಾಡುವ ಕೆಲಸ. ಆದರೂ ಎಂಜಿನ್ನಿಗೆ? ಸಾಧ್ಯವೇ ಇಲ್ಲ ಎಂದೆ. ಅವಳು ಫೋನಿನಲ್ಲಿ ಒಂದು ಫೋಟೋ ತೆಗೆದು ನನ್ನ ಬಟ್ಟಲಿನ ಪಕ್ಕ ಇಟ್ಟಳು. ಬಾನೆಟ್ ಎತ್ತಿದ ಕೆಂಪು ಕಾರು, ಲುಂಗಿ ಎತ್ತಿ ಕಟ್ಟಿದ ನಾನು, ಕೈಯಲ್ಲಿ ಹೊಸ ಪ್ರೆಶರ್ ಪಂಪಿನ ಪೈಪು, ಮುಖದ ತುಂಬ ನಗು. ಹಿನ್ನೆಲೆಯಲ್ಲಿ ಹೊಳೆಯ ಬದಿಯ ಬಾವಿ.

ಒದ್ದೆ ಬಟ್ಟೆಯ ನೆನಪು ನನಗೆ ಈಗಲೂ ಇದೆ. ಬಟ್ಟೆಯ ಬಣ್ಣ ಕೂಡ ಹೇಳಬಲ್ಲೆ. ಅದು ಎಲ್ಲಿಂದ ಬಂತು ಎಂಬುದಷ್ಟೇ ಗೊತ್ತಿಲ್ಲ.

ಮರುದಿನ ಅಂಗಡಿಗೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ನಕ್ಕು, “ಊರಿನ್ ಅರ್ಧ ಗಾಡಿ ಹಿಂಗೇ ಬಪ್ಪುದ್, ಹೇಳೂಕೆ ಮಾತ್ರ ಯಾರೂ ಬತ್ತಿಲ್ಲೆ,” ಎಂದರು. ಒಳಗಿನ ತಂತಿಯ ಸುರುಳಿ ಕೆಟ್ಟಿರಲಿಲ್ಲ. ಬಳೆ, ಕಾರ್ಬನ್, ಬೇರಿಂಗು ಹೊಸದು ಹಾಕಿದರೆ ಓಡುತ್ತದಂತೆ. ಆದರೂ ನನ್ನ ತಲೆಯಲ್ಲಿ ಭಾವನ ಮಾತು. ಹೊಸದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಎಂದು ಕೇಳಬೇಕೆನ್ನುವಾಗ ಬೋಟಿನ ಮಾಲೀಕರೊಬ್ಬರು ಬಂದು ಮೇಜಿನ ಮೇಲೆ ಒಂದು ಪೆಟ್ಟಿಗೆ ಇಟ್ಟರು. ಸೀಲು ಕೂಡ ಒಡೆದಿರಲಿಲ್ಲ.

“ಹೊಸದ್. ಬಪ್ಪು ವಾರ ಕಡ್ಲಿಗ್ ಹೋಪುದಿತ್ತ್, ಅಷ್ಟ್ರೊಳ್ಗೆ ಕೊಡಿ.”

ಅಂಗಡಿಯವರು ಸೀಲು ಹರಿದು, ಮಿರಮಿರ ಮಿಂಚುವ ಹೊಸ ಡೈನಮೋ ಹೊರತೆಗೆದು, ಯಾವ ಮುಲಾಜೂ ಇಲ್ಲದೆ ಬಿಚ್ಚತೊಡಗಿದರು. ನನಗೆ ತಡೆಯಲಾಗಲಿಲ್ಲ.

“ಹೊಸದನ್ನ ಎಂತಕ್ಕೆ ಬಿಚ್ಚುದ್?”

“ಮಾಡ್ದವ್ರಿಗ್ ನಮ್ ಉಪ್ಪ್ ನೀರ್ ಗೊತ್ತಿತ್ತಾ? ಹಂಗೇ ಹಾಕ್ರೆ ಒಂದ್ ಸೀಸನ್ ಸೈತ ಬತ್ತಿಲ್ಲೆ. ವಾರ್ನಿಶ್ ಕುಡ್ಸಿ, ಬಿಸ್ಲಂಗೆ ಒಣ್ಗಿಸಿಯೇ ಬೋಟ್ ಹತ್ಸುದ್.”

ಬೋಟಿನ ಮಾಲೀಕರು ನನ್ನ ಕಡೆ ತಿರುಗಿ, ಇಷ್ಟೂ ಗೊತ್ತಿಲ್ಲದವನನ್ನು ನೋಡಿದ ಹಾಗೆ ನೋಡಿದರು. ಹೊಸದು, ಹಳತು ಎಂದು ನಾನು ಒಂದು ವಾರದಿಂದ ತೂಗುತ್ತಿದ್ದ ತಕ್ಕಡಿ ಅಲ್ಲಿಗೆ ಉಪಯೋಗಕ್ಕೆ ಬಾರದ್ದಾಯಿತು. ಹೊಸದನ್ನು ತರಿಸಿದರೂ ಅದು ಈ ಮೇಜಿನ ಮೇಲೇ ಬಿಚ್ಚಿಕೊಳ್ಳಬೇಕಿತ್ತು. ರಿಪೇರಿ ಮಾಡಿ ಎಂದೆ.

ಮೂರು ದಿನ ನನ್ನ ಡೈನಮೋದ ಸುರುಳಿ ಅಂಗಡಿಯ ಸಿಮೆಂಟು ಕಟ್ಟೆಯ ಮೇಲೆ, ಜೇನಿನ ಬಣ್ಣದ ವಾರ್ನಿಶ್ ಹೊತ್ತು, ಬೋಟಿನವುಗಳ ಸಾಲಿನಲ್ಲಿ ಬಿಸಿಲು ಕಾಯಿಸಿತು. ನಾನು ದಿನಕ್ಕೆರಡು ಸಲ ಹೋಗಿ ನೋಡಿ ಬಂದೆ. ಎರಡನೆಯ ದಿನ ಅಂಗಡಿಯವರು, “ನೀವ್ ಕಂಡ್ ಕಂಡೇ ಅದ್ ಒಣ್ಗುದಿಲ್ಲ,” ಎಂದರು.

ಕೂರಿಸಿದ ಮೇಲೂ ಸಂಶಯ ಹೋಗಲಿಲ್ಲ. ಸಿಗರೇಟು ಲೈಟರಿನ ತೂತಿಗೆ ವೋಲ್ಟ್ ಮೀಟರೊಂದನ್ನು ಸಿಕ್ಕಿಸಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿ, ಬ್ರಹ್ಮಾವರಕ್ಕೆ ಹೊರಟೆ. ಅಂಕಿ ಓದುವುದು, ಬರೆಯುವುದು ಅವಳ ಕೆಲಸ. ನನ್ನ ನೆನಪಿಗೆ ಬಿಡುವಂತಿರಲಿಲ್ಲವಲ್ಲ. ಡೈನಮೋಗೆ ಭಾರ ಬೀಳಲೆಂದು ಹಗಲಲ್ಲೇ ಹೆಡ್‌ಲೈಟು, ಫ್ಯಾನು, ಒಣ ಗಾಜಿನ ಮೇಲೆ ವೈಪರು. ಎದುರಿನಿಂದ ಬರುವ ಬೈಕಿನವರೆಲ್ಲ ಲೈಟು ಉರಿಯುತ್ತಿದೆ ಎಂದು ಬೆರಳು ಮಡಚಿ ಬಿಡಿಸಿ ತೋರಿಸುತ್ತಿದ್ದರು. ಇವಳು ಎಲ್ಲರಿಗೂ ಟಾಟಾ ಮಾಡಿದಳು.

“ಹದಿನಾಲ್ಕು ಪಾಯಿಂಟ್ ಒಂದ್,” ಎಂದಳು ಸಾಲಿಗ್ರಾಮದಲ್ಲಿ. ಬ್ರಹ್ಮಾವರದಲ್ಲಿ ಅಷ್ಟೇ. ಹದಿನಾಲ್ಕರ ಸುತ್ತ ನಿಂತರೆ ಡೈನಮೋ ಕೆಲಸ ಮಾಡುತ್ತಿದೆ ಎಂದರ್ಥ. ನಾನು ಖಾತ್ರಿಗಾಗಿ ಮರುದಿನವೂ ಹೋಗೋಣ ಎಂದೆ. “ಮೀಟರ್ ಸಾಕಾತಿಲ್ಲೆ ಅಂದ್ರೆ ನಿಮ್ಗ್ ಬೇಕಾದ್ದ್ ಮೀಟರ್ ಅಲ್ಲ,” ಎಂದಳು. ಆದರೂ ಬಂದಳು, ಒಳ್ಳೆಯ ಸೀರೆ ಉಟ್ಟು.

ಭಾನುವಾರ ಬೆಳಿಗ್ಗೆ ಕೋಟೇಶ್ವರದಲ್ಲಿ ಭಾವ ಗೇಟಿನಲ್ಲೇ ನಿಂತಿದ್ದರು.

“ಹೊಸದ್ ಹಾಕ್ಸ್ದ್ಯಾ?”

“ಸರಿ ಆಯ್ತ್ ಭಾವ, ಕೂತ್ಕಣಿ,” ಎಂದೆ. ಹಾಗಂತ ನನ್ನ ನೆನಪು. “ಹೌದು” ಎಂದೆನೆಂದು ಭಾವ ಇವತ್ತಿಗೂ ಹೇಳುತ್ತಾರೆ. ಮೂರನೆಯ ಸಾಕ್ಷಿ ಇಲ್ಲ, ಫೋಟೋವೂ ಇಲ್ಲ.

ಬೈಂದೂರಿನ ಚಾದಂಗಡಿಯ ಎದುರು ನಿಲ್ಲಿಸಿದೆ. ಎಂಜಿನ್ ಬಂದ್ ಮಾಡಲು ಧೈರ್ಯ ಬರಲಿಲ್ಲ. ಭಾವ ಇಳಿದು, ಬಾನೆಟ್ ಎತ್ತು ಎಂದರು. ಎತ್ತಿದೆ. ಕನ್ನಡಕ ಹಣೆಗೇರಿಸಿ ಬಗ್ಗಿದರು. ಹಳೆಯ ಗೀರುಬಿದ್ದ ಕವಚ, ಅದರ ಸಂದಿಯಲ್ಲಿ ಜೇನಿನ ಬಣ್ಣ.

“ಇದ್ ಹೊಸದಲ್ಲ ಮಾರಾಯಾ.”

“ಅಲ್ಲ.” ಉಪ್ಪುನೀರಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಹೊಸ ಪೆಟ್ಟಿಗೆಯ ಕಥೆಯನ್ನೂ ಹೇಳಿದೆ. ಭಾವ ಕೈ ಸನ್ನೆಯಲ್ಲೇ ಲೈಟು, ಫ್ಯಾನು, ವೈಪರು, ಹಾರ್ನು ಒಂದೊಂದಾಗಿ ಹಾಕಿಸಿದರು. ಬಗ್ಗಿ ಮೀಟರು ನೋಡಿದರು.

“ಹೊಸದ್ ಆದ್ರೂ ಅವ್ರ್ ಬಿಚ್ಚುದೇ?”

“ಹೌದ್.”

“ಮತ್ತೆಂತ ಹೊಸದ್!” ಎಂದು ಬಾನೆಟ್ ಇಳಿಸಿದರು. ಬೆಂಚಿನ ಮೇಲೆ ಕೂತು, ಬಾಯಲ್ಲಿ ಗೋಳಿಬಜೆ ಇರುವಾಗಲೇ ಬೋರಿವಲಿಗೆ ಫೋನು ಹಚ್ಚಿದರು. “ನಹೀ ಭಾಯ್, ಗಾಡಿ ನಹೀ ದೇನೇಕಾ. ನಹೀ ನಹೀ, ಪೈಸೇಕಾ ಬಾತ್ ನಹೀ.” ಫೋನು ಕಿಸೆಗೆ ಹಾಕಿ ನನ್ನ ಕಡೆ ನೋಡಿದರು. ನಾನು ಇನ್ನೂ ಕಾರಿನ ಪಕ್ಕದಲ್ಲೇ, ಎಂಜಿನ್ನಿನ ಸದ್ದಿಗೆ ಕಿವಿಕೊಟ್ಟು ನಿಂತಿದ್ದೆ.

“ಅದನ್ನ ಬಂದ್ ಮಾಡಿ ಬಾ ಮಾರಾಯಾ. ಚಾ ತಣ್ಗಾತ್ತ್.”

ಬಂದ್ ಮಾಡಿ ಹೋಗಿ ಅವರ ಪಕ್ಕದಲ್ಲಿ ಕೂತೆ.